ನೂರು ಅಡಿ ಎತ್ತರದ ಎಂಟು ಸೆಕೆಂಡು

2004ರ ಏಪ್ರಿಲ್ 17, ಶನಿವಾರ. ಬೆಳಿಗ್ಗೆ ಹನ್ನೊಂದು ಗಂಟೆ ಕಳೆದು ಕೆಲವೇ ನಿಮಿಷ. ಬೆಂಗಳೂರಿನ ಜಕ್ಕೂರು ಮೈದಾನದಿಂದ ಸೆಸ್ನಾ 180 ಮಾದರಿಯ ಒಂಟಿ ಎಂಜಿನ್ನಿನ ವಿಮಾನವೊಂದು ಮೇಲೆದ್ದಿತು. ಪೈಲಟ್ ಸೇರಿ ಒಳಗಿದ್ದವರು ನಾಲ್ವರು. ಹೊರಟಿದ್ದದ್ದು ಆಗಿನ ಆಂಧ್ರಪ್ರದೇಶದ ಕರೀಂನಗರಕ್ಕೆ, ಲೋಕಸಭಾ ಚುನಾವಣೆಯ ಪ್ರಚಾರಕ್ಕೆ. ವಿಮಾನ ನೂರು ಅಡಿಯಷ್ಟು ಏರಿತು, ಪಶ್ಚಿಮಕ್ಕೆ ತಿರುಗಿತು, ಓಲಾಡಿತು. ಪಕ್ಕದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದೊಳಕ್ಕೆ ಬಿದ್ದು ಹೊತ್ತಿಕೊಂಡಿತು. ಹೊಲದಲ್ಲಿದ್ದವರು ಓಡಿ ಬಂದರು. ಆದರೆ ಆ ಬೆಂಕಿಯ ಮುಂದೆ ಅವರ ಕೈಯಲ್ಲಿ ಏನೂ ಆಗುವಂತಿರಲಿಲ್ಲ. ನಾಲ್ವರೂ ತೀರಿಕೊಂಡರು.

ಅವರಲ್ಲಿ ಒಬ್ಬರು ನಟಿ ಸೌಂದರ್ಯ, ಮತ್ತೊಬ್ಬರು ಅವರ ಅಣ್ಣ ಅಮರನಾಥ್. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಕುಟುಂಬ, ಚಿತ್ರಸಾಹಿತಿ ಕೆ.ಎಸ್. ಸತ್ಯನಾರಾಯಣ ಅವರ ಮಕ್ಕಳು. ತೆಲುಗು, ತಮಿಳು, ಹಿಂದಿಗಳಲ್ಲೆಲ್ಲ ಮನೆಮಾತಾಗಿದ್ದ ಸೌಂದರ್ಯ ಕನ್ನಡಕ್ಕೆ ಕೊಟ್ಟುಹೋದ ದೊಡ್ಡ ಕೊಡುಗೆ ‘ದ್ವೀಪ’. ನಾ. ಡಿಸೋಜರ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ತೆರೆಗೆ ತಂದಾಗ ಅದಕ್ಕೆ ಹಣ ಹಾಕಿದ ನಿರ್ಮಾಪಕಿಯೂ ಅವರೇ, ನಾಗಿಯಾಗಿ ನಟಿಸಿದವರೂ ಅವರೇ. ಚಿತ್ರಕ್ಕೆ ಸ್ವರ್ಣಕಮಲ ಬಂತು. ಅಣೆಕಟ್ಟಿನ ನೀರು ಏರುತ್ತ ಮನೆ ನುಂಗುವ ಆ ಕತೆ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿಗೆ ಹೊಸದಲ್ಲ; ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದವರ ಮನೆತನಗಳು ಈಗಲೂ ಸುತ್ತಮುತ್ತ ಇವೆ. ಜಕ್ಕೂರಿನ ಅಪಘಾತವಾದ ನಾಲ್ಕು ತಿಂಗಳಿಗೆ ‘ಆಪ್ತಮಿತ್ರ’ ಬಿಡುಗಡೆಯಾಯಿತು. ಕನ್ನಡಿಗರು ಟಾಕೀಸುಗಳಲ್ಲಿ ಕಿಕ್ಕಿರಿದು, ಇಲ್ಲವಾಗಿದ್ದ ನಟಿಯನ್ನು ನೋಡಿದರು.

ಅಂಥ ಸಾವಿನ ಬಗ್ಗೆ ಇಪ್ಪತ್ತು ವರ್ಷ ಕಳೆದರೂ ಜನ ವಿಧಿ, ಜಾತಕ, ಗಳಿಗೆ ಎಂದು ಮಾತಾಡುತ್ತಾರೆ. ದುಃಖಕ್ಕೆ ಆ ಮಾತು ಬೇಕಾಗಬಹುದು. ಆದರೆ ಟೇಕಾಫ್ ಆದ ಮೊದಲ ಒಂದೆರಡು ನಿಮಿಷ ಸಣ್ಣ ವಿಮಾನಕ್ಕೆ ಅಷ್ಟೊಂದು ಇಕ್ಕಟ್ಟಿನದಾಗುವುದು ಏಕೆ ಎಂಬುದಕ್ಕೆ ಭೌತವಿಜ್ಞಾನದಲ್ಲಿ ಸ್ಪಷ್ಟ ಉತ್ತರವಿದೆ. ಆ ದಿನ ತಪ್ಪಿದವರು ಯಾರೆಂದು ಬೆರಳು ತೋರಿಸುವುದು ಈ ಅಧ್ಯಾಯದ ಕೆಲಸವಲ್ಲ. ನೂರು ಅಡಿ ಎತ್ತರದಲ್ಲಿ ಒಬ್ಬ ಪೈಲಟ್‌ಗೆ ಎಷ್ಟು ಸಮಯ ಇರುತ್ತದೆ, ಆ ಸಮಯ ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು.

ನಾಲ್ಕು ಸೀಟಿನ ಸಾಧಾರಣ ವಿಮಾನ ಎಂಜಿನ್ ನಿಂತರೂ ಕಲ್ಲಿನಂತೆ ಉದುರುವುದಿಲ್ಲ. ಜಾರುತ್ತ ಸಾಗುತ್ತದೆ. ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಹೀಗೆ ಜಾರುವ ವಿಮಾನ ಪ್ರತಿ ಸೆಕೆಂಡಿಗೆ ಮೂರೂಮುಕ್ಕಾಲು ಮೀಟರಿನಷ್ಟು ಇಳಿಯುತ್ತದೆ. ನೂರು ಅಡಿ ಎಂದರೆ 30 ಮೀಟರ್. ಭಾಗಿಸಿದರೆ ಎಂಟು ಸೆಕೆಂಡು. ಆ ಎಂಟು ಸೆಕೆಂಡಿನಲ್ಲಿ ಅದು ಕ್ರಮಿಸುವ ದೂರ 270 ಮೀಟರ್.

ಎಂಟು ಸೆಕೆಂಡು ಕೂಡ ಪೂರ್ತಿ ಸಿಗುವುದಿಲ್ಲ. ಎಂಜಿನ್ನಿನ ಸದ್ದು ಬದಲಾದದ್ದು ಕಿವಿಗೆ ಬೀಳಬೇಕು, ಮನಸ್ಸು ಅದನ್ನು ನಂಬಬೇಕು. ತರಬೇತಿ ಶಾಲೆಗಳಲ್ಲಿ ಈ ನಂಬದ ಹೊತ್ತಿಗೆಂದೇ ನಾಲ್ಕು ಸೆಕೆಂಡು ತೆಗೆದಿಡುತ್ತಾರೆ. ಇದರ ಜೊತೆಗೆ ಇನ್ನೊಂದು ಕಷ್ಟವಿದೆ. ಏರುತ್ತಿರುವ ವಿಮಾನದ ಮೂಗು ಮೇಲಕ್ಕಿರುತ್ತದೆ. ಎಳೆಯುವ ಪ್ರೊಪೆಲ್ಲರ್ ಸೋತೊಡನೆ ವೇಗ ಕುಸಿಯತೊಡಗುತ್ತದೆ. ಪೈಲಟ್ ತಕ್ಷಣ ಮೂಗನ್ನು ನೆಲದ ಕಡೆ ತಗ್ಗಿಸಬೇಕು. ನೆಲ ಕಾಲ ಬುಡದಲ್ಲೇ ಇರುವಾಗ ಮೂಗನ್ನು ನೆಲಕ್ಕೆ ತಿರುಗಿಸು ಎಂದು ಕೈಗೆ ಹೇಳಿಕೊಡುವುದು ಎಷ್ಟು ಕಷ್ಟ ಎಂಬುದನ್ನು ಹಾರಾಟ ಕಲಿಸುವ ಯಾವ ಗುರುವಾದರೂ ಹೇಳಿಯಾರು. ದೇಹದ ಒಳಗಿನ ಪ್ರತಿಯೊಂದು ನರವೂ ನಿಯಂತ್ರಣದ ಹಿಡಿಕೆಯನ್ನು ಹಿಂದಕ್ಕೆಳೆ, ಮೇಲಕ್ಕೇರು ಎನ್ನುತ್ತಿರುತ್ತದೆ.

ಎಳೆದರೆ ಆಗುವುದು ಸ್ಟಾಲ್.

ರೆಕ್ಕೆ ವಿಮಾನವನ್ನು ಹೊರುವುದು ತನ್ನ ಮೇಲೆ ಹಾಯುವ ಗಾಳಿಯನ್ನು ಕೆಳಮುಖವಾಗಿ ಬಾಗಿಸುವುದರಿಂದ. ಗಾಳಿ ಬರುವ ದಿಕ್ಕಿಗೂ ರೆಕ್ಕೆಗೂ ನಡುವಿನ ಕೋನ ಹೆಚ್ಚಿದಂತೆ ಎತ್ತುವ ಬಲ ಹೆಚ್ಚುತ್ತದೆ. ಆದರೆ ಅದು ಹೆಚ್ಚುವುದು ಒಂದು ಮಿತಿಯವರೆಗೆ ಮಾತ್ರ. ಬಹುತೇಕ ಸಣ್ಣ ವಿಮಾನಗಳಲ್ಲಿ ಸುಮಾರು 15ರಿಂದ 16 ಡಿಗ್ರಿ ದಾಟಿದೊಡನೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಸುಳಿಸುಳಿಯಾಗಿ ಚದುರುತ್ತದೆ. ಎತ್ತುವ ಬಲ ಒಮ್ಮೆಲೇ ಕುಸಿಯುತ್ತದೆ. ಎಂಜಿನ್ ಚೆನ್ನಾಗಿಯೇ ಓಡುತ್ತಿದ್ದರೂ ಸ್ಟಾಲ್ ಆಗಬಹುದು ಎಂಬುದನ್ನು ಸಾಮಾನ್ಯ ಓದುಗರು ನೆನಪಿಡಬೇಕು. ಕಾರು ‘ಸ್ಟಾಲ್’ ಆಯಿತು ಎಂದರೆ ಎಂಜಿನ್ ನಿಂತಿತು ಎಂದರ್ಥ. ವಿಮಾನದಲ್ಲಿ ಸೋಲುವುದು ರೆಕ್ಕೆ. ಎತ್ತರದಲ್ಲಿದ್ದರೆ ಮೂಗು ತಗ್ಗಿಸಿ, ವೇಗ ಕೂಡಿಸಿಕೊಂಡು ಹೊರಬರಲು ಕೆಲವು ನೂರು ಅಡಿ ಸಾಕು. ನೂರು ಅಡಿಯಲ್ಲಿ ಆ ಕೆಲವು ನೂರು ಅಡಿ ಎಲ್ಲಿದೆ?

ತಿರುವು ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಎತ್ತರ ಕಳೆಯದೆ ವಿಮಾನ ತಿರುಗಬೇಕಾದರೆ ಓರೆಯಾಗಬೇಕು. ಓರೆಯಾದಾಗ ಎತ್ತುವ ಬಲದ ಒಂದು ಪಾಲು ಪಕ್ಕಕ್ಕೆ ಎಳೆಯುವುದಕ್ಕೆ ಖರ್ಚಾಗುತ್ತದೆ, ರೆಕ್ಕೆ ಮೊದಲಿಗಿಂತ ಹೆಚ್ಚು ದುಡಿಯಬೇಕಾಗುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ 80 ಕಿಲೋಮೀಟರಿಗೆ ಸ್ಟಾಲ್ ಆಗುವ ವಿಮಾನ 45 ಡಿಗ್ರಿ ಓರೆಯಲ್ಲಿ 95ಕ್ಕೇ ಸ್ಟಾಲ್ ಆಗುತ್ತದೆ. 60 ಡಿಗ್ರಿ ಓರೆಯಲ್ಲಿ 113ಕ್ಕೆ. ಪೈಲಟ್‌ನ ಮುಂದಿರುವ ವೇಗಮಾಪಕದ ಮುಳ್ಳು ಅಲ್ಲಾಡದೆ ನಿಂತಿರಬಹುದು. ಅಪಾಯದ ಗೆರೆಯೇ ಮೇಲೆದ್ದು ಬಂದು ಮುಳ್ಳನ್ನು ಮುಟ್ಟಿರುತ್ತದೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲು ಸೋತರೆ ವಿಮಾನ ಆ ಕಡೆಗೆ ಮಗುಚಿ, ಸುತ್ತುತ್ತ ಇಳಿಯುತ್ತದೆ.

ಹಾಗಾದರೆ ಹಿಂದಿರುಗಿ ರನ್‌ವೇಗೇ ಬರಬಾರದೇ? ಟಾರ್ ರಸ್ತೆ ಅಲ್ಲೇ ಇದೆ, ಅಗ್ನಿಶಾಮಕ ಗಾಡಿ ಅಲ್ಲೇ ಇದೆ. ಈ ಆಸೆಗೆ ಎಷ್ಟು ಜೀವಗಳು ಹೋಗಿವೆಯೆಂದರೆ, ಲೋಕದ ಪೈಲಟ್‌ಗಳು ಇದನ್ನು ‘ಅಸಾಧ್ಯ ತಿರುವು’ ಎಂದೇ ಕರೆಯುತ್ತಾರೆ. ಗಂಟೆಗೆ 120 ಕಿಲೋಮೀಟರಿನಲ್ಲಿ, 45 ಡಿಗ್ರಿ ಓರೆಯಲ್ಲಿ ಅರ್ಧ ಸುತ್ತು ತಿರುಗಿ ಮುಗಿಯುವಾಗ ವಿಮಾನ ರನ್‌ವೇಯ ಗೆರೆಗೆ ಸುಮಾರು ಕಾಲು ಕಿಲೋಮೀಟರ್ ಪಕ್ಕದಲ್ಲಿರುತ್ತದೆ. ಗೆರೆಗೆ ಮರಳಲು ಮತ್ತಷ್ಟು ತಿರುಗಬೇಕು, ಮತ್ತೆ ಎದುರು ದಿಕ್ಕಿಗೆ ನೇರವಾಗಬೇಕು. ತಿರುವಿನುದ್ದಕ್ಕೂ ಇಳಿಯುವ ವೇಗ ಹೆಚ್ಚಿರುತ್ತದೆ. ಜೊತೆಗೆ, ಟೇಕಾಫ್ ಆಗುವಾಗ ಎದುರು ಬೀಸುತ್ತಿದ್ದ ಗಾಳಿ ಈಗ ಬೆನ್ನಿಗೆ. ನೆಲ ರಭಸವಾಗಿ ಓಡಿದಂತೆ ಕಂಡು, ವೇಗ ಸಾಕಷ್ಟಿದೆ ಎಂಬ ಭ್ರಮೆ ಹುಟ್ಟುತ್ತದೆ. ಇದನ್ನೆಲ್ಲ ಮಾಡಿ ಮುಗಿಸಲು ನೂರಾರು ಅಡಿ ಬೇಕು. ಎಷ್ಟು ಬೇಕು ಎಂಬುದು ವಿಮಾನದಿಂದ ವಿಮಾನಕ್ಕೆ, ಕೈಯಿಂದ ಕೈಗೆ ಬೇರೆ. ಅದಕ್ಕಾಗಿಯೇ ಒಳ್ಳೆಯ ಪೈಲಟ್‌ಗಳು ಹೊರಡುವ ಮುಂಚೆಯೇ ಒಂದು ಎತ್ತರವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ: ಇಷ್ಟು ಅಡಿಗಿಂತ ಕೆಳಗೆ ಎಂಜಿನ್ ಹೋದರೆ ಎದುರಿಗೇ ಇಳಿಯುತ್ತೇನೆ, ತಿರುಗುವುದಿಲ್ಲ.

ಇನ್ನು ಗಾಳಿಯ ಮಾತು. ಜಕ್ಕೂರು ಮೈದಾನವಿರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ. 1940ರ ದಶಕದ ಕೊನೆಯಿಂದ ಅಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ನಡೆಯುತ್ತಿದೆ. ರನ್‌ವೇ ಒಂದು ಕಿಲೋಮೀಟರಿಗೂ ಕಡಿಮೆ. ಬೆಂಗಳೂರಿನ ಹವೆ ತಂಪು ಎಂದು ಹೆಸರಾದರೂ ಏಪ್ರಿಲ್ ನಡುಹಗಲಿನಲ್ಲಿ ಉಷ್ಣಾಂಶ 32 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಎತ್ತರ ಗಾಳಿಯನ್ನು ತೆಳುವಾಗಿಸುತ್ತದೆ, ಬಿಸಿಲು ಇನ್ನೂ ತೆಳುವಾಗಿಸುತ್ತದೆ. ಎರಡನ್ನೂ ಕೂಡಿಸಿದರೆ ಅಂಥ ಹಗಲಿನಲ್ಲಿ ಜಕ್ಕೂರಿನ ಗಾಳಿಯ ಸಾಂದ್ರತೆ ಕಡಲತೀರದ ಪ್ರಮಾಣಿತ ಗಾಳಿಗಿಂತ ಶೇಕಡ 15ರಷ್ಟು ಕಡಿಮೆ. ಪೈಲಟ್‌ಗಳ ಲೆಕ್ಕದಲ್ಲಿ ಹೇಳುವುದಾದರೆ, 3,000 ಅಡಿಯಲ್ಲಿ ನಿಂತ ವಿಮಾನ ತಾನು 5,700 ಅಡಿಯ ಬೆಟ್ಟದ ಮೇಲಿದ್ದೇನೆ ಎಂಬಂತೆ ವರ್ತಿಸುತ್ತದೆ. ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಗಿಂತಲೂ ಅದು ಮೇಲಾಯಿತು.

ತೆಳು ಗಾಳಿ ಮೂರು ಕಡೆಯಿಂದ ಹೊಡೆಯುತ್ತದೆ. ಟರ್ಬೊ ಇಲ್ಲದ ಪಿಸ್ಟನ್ ಎಂಜಿನ್ ಉಸಿರಾಡುವ ಆಮ್ಲಜನಕ ಕಡಿಮೆಯಾಗಿ ಶಕ್ತಿ ಕುಗ್ಗುತ್ತದೆ. ಪ್ರೊಪೆಲ್ಲರ್‌ಗೆ ತಳ್ಳಲು ಸಿಗುವ ಗಾಳಿಯ ರಾಶಿ ಕಡಿಮೆ. ರೆಕ್ಕೆಗೆ ಹೊರಲು ಸಿಗುವುದೂ ಕಡಿಮೆ, ಆದ್ದರಿಂದ ಮೇಲೇಳಲು ನಿಜವಾದ ವೇಗ ಶೇಕಡ 8ರಷ್ಟು ಹೆಚ್ಚಬೇಕು. ಕುಗ್ಗಿದ ಎಂಜಿನ್ ಆ ಹೆಚ್ಚಿನ ವೇಗವನ್ನು ದುಡಿಯಬೇಕಾದ್ದರಿಂದ ರನ್‌ವೇಯ ಮೇಲಿನ ಓಟ ಬಹಳ ಉದ್ದವಾಗುತ್ತದೆ, ಏರುವ ಕೋನ ಚಪ್ಪಟೆಯಾಗುತ್ತದೆ. ಮೊದಲು ಹೇಳಿದ ಆ ನೂರು ಅಡಿಯನ್ನು ಗಳಿಸುವುದಕ್ಕೇ ಹೆಚ್ಚು ಹೊತ್ತು ಬೇಕು.

ಇದರ ಕಣ್ಣೀರಿನ ಉದಾಹರಣೆ ಅಮೆರಿಕದ ವಯೋಮಿಂಗ್ ರಾಜ್ಯದ ಶೆಯೆನ್ ಎಂಬ ಊರಲ್ಲಿದೆ. 1996ರ ಏಪ್ರಿಲ್ 11ರಂದು ಅಲ್ಲಿಂದ ಮೇಲೆದ್ದ ಸೆಸ್ನಾ 177ರಲ್ಲಿ ಜೆಸಿಕಾ ಡುಬ್ರಾಫ್ ಎಂಬ ಏಳು ವರ್ಷದ ಹುಡುಗಿ, ಅವಳ ತಂದೆ ಮತ್ತು ಹಾರಾಟದ ಗುರು ಇದ್ದರು. ಖಂಡದ ಆಚೆ ತೀರಕ್ಕೆ ವಿಮಾನ ನಡೆಸಿ ದಾಖಲೆ ಮಾಡುವ ಹಂಬಲ ದೊಡ್ಡವರದು. ಕ್ಯಾಮೆರಾಗಳು ಕಾಯುತ್ತಿದ್ದವು, ವೇಳಾಪಟ್ಟಿ ಅವಸರಿಸುತ್ತಿತ್ತು. ಅವರು ಯಾತ್ರೆ ಶುರುಮಾಡಿದ್ದು ಕ್ಯಾಲಿಫೋರ್ನಿಯಾದ ಕಡಲ ಬದಿಯಿಂದ. ಶೆಯೆನ್ ವಿಮಾನ ನಿಲ್ದಾಣ 6,000 ಅಡಿಗೂ ಮೇಲಿದೆ. ಗುಡುಗುಮಳೆ ಎದುರಾಗಿ ಬರುತ್ತಿತ್ತು. ವಿಮಾನ ಮಿತಿಗಿಂತ 96 ಪೌಂಡ್, ಅಂದರೆ 43 ಕಿಲೋ ಹೆಚ್ಚು ಹೊತ್ತಿತ್ತು. ಮೇಲೆದ್ದು ತಿರುಗುವಾಗ ಸ್ಟಾಲ್ ಆಗಿ ಬಿತ್ತು, ಮೂವರೂ ಸತ್ತರು. ಕೆಟ್ಟ ಹವೆ, ಹೆಚ್ಚಿನ ತೂಕ, ಗುರುವಿಗೆ ರೂಢಿಯಿಲ್ಲದ ತೆಳು ಗಾಳಿ ಎಲ್ಲವನ್ನೂ ತನಿಖೆ ಒಟ್ಟಿಗೆ ಹೆಸರಿಸಿತು. ಅದೇ ವರ್ಷ ಮಕ್ಕಳಿಂದ ಇಂಥ ದಾಖಲೆಯ ಹಾರಾಟ ಮಾಡಿಸುವುದನ್ನು ಅಮೆರಿಕ ಕಾನೂನಿನಿಂದ ತಡೆಯಿತು. ಒಂದೊಂದೇ ಬಂದಿದ್ದರೆ ತಾಳಿಕೊಳ್ಳಬಹುದಾಗಿದ್ದ ಕಷ್ಟಗಳು ಒಟ್ಟಾಗಿ ಬಂದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ.

ಕರ್ನಾಟಕದಲ್ಲಿ ಬದುಕಿ ಬಂದವರ ಕತೆಯೂ ಇದೆ, ಅದನ್ನು ಹೇಳಲೇಬೇಕು. 2023ರ ಮೇ 30ರ ಬೆಳಿಗ್ಗೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಎರಡು ಸೀಟಿನ ತರಬೇತಿ ವಿಮಾನ ಹೊರಟಿತು. ಒಳಗೆ ತರಬೇತುದಾರರು ಮತ್ತು ಶಿಕ್ಷಾರ್ಥಿ. ತಾಂತ್ರಿಕ ದೋಷ ಕಾಣಿಸಿತು. ಹೊನ್ನಿಹಾಳ ಗ್ರಾಮದ ಹತ್ತಿರ ಹೊಲವೊಂದಕ್ಕೆ ಅದನ್ನು ಇಳಿಸಿದರು. ವಿಮಾನಕ್ಕೆ ಪೆಟ್ಟಾಯಿತು, ಇಬ್ಬರಿಗೂ ಆದದ್ದು ಸಣ್ಣಪುಟ್ಟ ಗಾಯ. ಇಂಥದ್ದನ್ನು ‘ತಪ್ಪಿದ ಅನಾಹುತ’ ಎನ್ನುವುದು ರೂಢಿ. ಹೊಲಕ್ಕೆ ಇಳಿಯುವುದು ಅದೃಷ್ಟವಲ್ಲ, ಕಲಿತ ವಿದ್ಯೆ. ಪೈಲಟ್ ಪರೀಕ್ಷೆಗೆ ಕೂರುವ ಪ್ರತಿಯೊಬ್ಬರೂ ಎಂಜಿನ್ ತಗ್ಗಿಸಿಕೊಂಡು ಕೆಳಗಿನ ಹೊಲಗಳಲ್ಲಿ ಯಾವುದು ಆದೀತು ಎಂದು ಆರಿಸುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾರೆ.

ಹೊಲವೇ ಏಕೆ ಬದುಕಿಸುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದ ವಿಮಾನ ಹತ್ತು ಮೀಟರ್ ಜಾರಿ ನಿಂತರೆ ದೇಹದ ಮೇಲೆ ಬೀಳುವ ಬಲ ಗುರುತ್ವದ ನಾಲ್ಕು ಪಟ್ಟು. ಸೊಂಟಪಟ್ಟಿ ಬಿಗಿದಿದ್ದರೆ ಮನುಷ್ಯ ಅದನ್ನು ಸುಲಭವಾಗಿ ತಡೆಯುತ್ತಾನೆ. ಅದೇ ವಿಮಾನ ಒಂದೇ ಮೀಟರಿನಲ್ಲಿ ನಿಂತರೆ ನಲವತ್ತು ಪಟ್ಟು. ಬದುಕು ಸಾವಿನ ನಡುವೆ ಇರುವುದು ಆ ಒಂಬತ್ತು ಮೀಟರ್. ಎದುರಿಗೆ ಜಾರುತ್ತ, ರೆಕ್ಕೆ ಮಟ್ಟವಾಗಿಟ್ಟು, ಆದಷ್ಟು ನಿಧಾನವಾಗಿ ನೆಲ ಮುಟ್ಟಿಸಿದರೆ ಆ ಮೀಟರುಗಳು ಸಿಗುತ್ತವೆ. ಸ್ಟಾಲ್ ಆಗಿ ಮೂಗು ಕೆಳಗಾಗಿ ಬಿದ್ದರೆ ಸಿಗುವುದಿಲ್ಲ.

ಈ ಕಣ್ಣಿನಿಂದ ತರೀಕೆರೆ ಸೀಮೆಯನ್ನು ಮೇಲಿನಿಂದ ನೋಡಿದರೆ ಅದು ಬೇರೆಯೇ ಭೂಪಟವಾಗುತ್ತದೆ. ಪಶ್ಚಿಮಕ್ಕೆ ಲಕ್ಕವಳ್ಳಿಯ ಕಾಡು, ಭದ್ರೆಯ ಹಿನ್ನೀರು, ದಕ್ಷಿಣಕ್ಕೆ ಕೆಮ್ಮಣ್ಣುಗುಂಡಿಯ ಗೋಡೆ: ಅಲ್ಲಿ ಇಳಿಯಲು ಜಾಗವಿಲ್ಲ. ತರೀಕೆರೆ ಸುತ್ತಿನ ಅಡಿಕೆ ತೋಟಗಳು ಮೇಲಿನಿಂದ ಮೆತ್ತಗಿನ ಹಸಿರು ಹಾಸಿನಂತೆ ಕಂಡರೂ ಮೋಸಗಾರವೇ. ಮರಗಳ ತಲೆಯ ಮೇಲೆ ಕುಳಿತ ವಿಮಾನ ಅಲ್ಲಿಂದ ನೆಲಕ್ಕೆ ಇನ್ನೊಮ್ಮೆ ಬೀಳಬೇಕಾಗುತ್ತದೆ. ತೆಂಗಿನ ಸಾಲುಗಳು ಇನ್ನೂ ಗಟ್ಟಿ. ಪೂರ್ವಕ್ಕೆ ಸರಿದು ಅಜ್ಜಂಪುರ, ಶಿವನಿ ಕಡೆ ಹೋದರೆ ಎರೆ ಭೂಮಿ ತೆರೆದುಕೊಳ್ಳುತ್ತದೆ, ಈರುಳ್ಳಿ ಹತ್ತಿಯ ಉದ್ದುದ್ದ ಹೊಲಗಳು. ಬೇಸಿಗೆಯಲ್ಲಿ ಅದು ಒಳ್ಳೆಯ ನೆಲ. ಮಳೆ ಬಿದ್ದ ಮೇಲೆ ಕೆಸರಲ್ಲಿ ಎತ್ತಿನಗಾಡಿಯ ಗಾಲಿ ಹೂತಂತೆ ಚಕ್ರ ಹೂತು ವಿಮಾನ ಬೆನ್ನಡಿಯಾಗಬಹುದು. ಉತ್ತಿದ ಸಾಲಿಗೆ ಅಡ್ಡವಾಗಿ ಇಳಿಯದೆ ಸಾಲಿನ ಗುಂಟ ಇಳಿಯಬೇಕು. ಎಲ್ಲಕ್ಕಿಂತ ಒಳ್ಳೆಯದು ಅಮೃತ್ ಮಹಲ್ ಕಾವಲುಗಳು. ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಬಿಟ್ಟ ಆ ಹುಲ್ಲುಗಾವಲುಗಳು ಮರವಿಲ್ಲದೆ, ತಂತಿ ಬೇಲಿಯಿಲ್ಲದೆ ಹರಡಿರುವ ಕಡೆ ಸಣ್ಣ ವಿಮಾನಕ್ಕೆ ಬೇಕಾದ ಇನ್ನೂರು ಮುನ್ನೂರು ಮೀಟರ್ ಸಿಕ್ಕೇ ಸಿಗುತ್ತದೆ. ಒತ್ತುವರಿ, ರಸ್ತೆ, ವಿದ್ಯುತ್ ಗೋಪುರಗಳಿಂದ ಕಾವಲುಗಳು ಕಿರಿದಾಗುತ್ತಿರುವುದಕ್ಕೆ ದನಕಾಯುವವರ ಮತ್ತು ಪಕ್ಷಿಪ್ರೇಮಿಗಳ ದುಃಖದ ಜೊತೆ ಇದೊಂದು ಕಾರಣವೂ ಸೇರಲಿ. ಮೇಲಿನಿಂದ ಕಾಣದ ವಿದ್ಯುತ್ ತಂತಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕಂಬಗಳ ಸಾಲನ್ನು ನೋಡಿ ತಂತಿಯನ್ನು ಊಹಿಸಬೇಕು.

ಮದಗದ ಕೆರೆ, ಅಯ್ಯನಕೆರೆಗಳಂಥ ದೊಡ್ಡ ಕೆರೆಗಳೂ ಒಂದು ದಾರಿಯೇ. ನೀರಿಗೆ ಇಳಿಸಿ ಬದುಕಿದ ಲೋಕಪ್ರಸಿದ್ಧ ಪ್ರಸಂಗವೊಂದಿದೆ. 2009ರ ಜನವರಿ 15ರಂದು ನ್ಯೂಯಾರ್ಕ್‌ನ ಲಗಾರ್ಡಿಯಾದಿಂದ ಹೊರಟ ಏರ್‌ಬಸ್ ಎ320 ಸುಮಾರು 2,800 ಅಡಿಯಲ್ಲಿ ಕಾಡುಬಾತುಗಳ ಹಿಂಡಿಗೆ ಢಿಕ್ಕಿ ಹೊಡೆದು ಎರಡೂ ಎಂಜಿನ್‌ಗಳ ಬಲ ಕಳೆದುಕೊಂಡಿತು. ಕ್ಯಾಪ್ಟನ್ ಚೆಸ್ಲಿ ಸಲನ್‌ಬರ್ಗರ್ ಹಿಂದಿರುಗುವ ಆಸೆ ಬಿಟ್ಟು ಹಡ್ಸನ್ ನದಿಗೆ ಇಳಿಸಿದರು. ಒಳಗಿದ್ದ 155 ಮಂದಿಯೂ ಬದುಕಿದರು. ಆಮೇಲೆ ತನಿಖೆಯವರು ಸಿಮ್ಯುಲೇಟರಿನಲ್ಲಿ ಇದನ್ನೇ ಆಡಿಸಿ ನೋಡಿದರು. ಹಕ್ಕಿ ಬಡಿದ ಮರುಗಳಿಗೆಯೇ ತಿರುಗಿಬಿಟ್ಟರೆ ರನ್‌ವೇ ಮುಟ್ಟಬಹುದಿತ್ತು ಎಂದು ಕೆಲವು ಯತ್ನಗಳು ತೋರಿಸಿದವು. ಆದರೆ ಏನಾಯಿತೆಂದು ತಿಳಿದು ತೀರ್ಮಾನಿಸಲು ಮನುಷ್ಯನಿಗೆ ಬೇಕಾಗುವ 35 ಸೆಕೆಂಡನ್ನು ಸೇರಿಸಿದಾಗ ವಿಮಾನ ನಗರದೊಳಗೆ ಬಿತ್ತು. ಆ 35 ಸೆಕೆಂಡನ್ನು ಲೆಕ್ಕದಲ್ಲಿ ಸೇರಿಸಿದ್ದು ನ್ಯಾಯದ ಕೆಲಸ. ಅಪಘಾತದ ನಂತರ ತಂಪು ಕೋಣೆಯಲ್ಲಿ ಕೂತು ‘ಹೀಗೆ ಮಾಡಬಹುದಿತ್ತು’ ಎನ್ನುವವರು ಅದನ್ನು ಮರೆತೇಬಿಡುತ್ತಾರೆ. ಹಡ್ಸನ್ನಿನ ಮೇಲೆ 2,800 ಅಡಿ ಇತ್ತು ಎಂಬುದನ್ನೂ ಗಮನಿಸಬೇಕು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ಬೋಯಿಂಗ್ 787 ಮೇಲೆದ್ದ ಕೂಡಲೇ ಎಂಜಿನ್ ಬಲ ಕಳೆದುಕೊಂಡಾಗ ಅದರ ಕೆಳಗೆ ಕೆಲವೇ ನೂರು ಅಡಿ ಇತ್ತು. ವಿಮಾನದಲ್ಲಿದ್ದವರಲ್ಲಿ ಉಳಿದದ್ದು ಒಬ್ಬರೇ.

ಪೈಲಟ್‌ಗಳ ನಡುವೆ ಒಂದು ಹಳೆಯ ಮಾತಿದೆ: ಉಪಯೋಗಕ್ಕೆ ಬಾರದ ವಸ್ತುಗಳು ಮೂರು, ತಲೆಯ ಮೇಲಿನ ಎತ್ತರ, ಹಿಂದೆ ಬಿಟ್ಟ ರನ್‌ವೇ, ಟ್ಯಾಂಕರಿನಲ್ಲೇ ಉಳಿದ ಇಂಧನ. ಪರೀಕ್ಷಾ ಹಾರಾಟದ ಪರಿಣತರಿಗೂ ಇದರಿಂದ ಬಿಡುಗಡೆಯಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ 14 ಸೀಟಿನ ‘ಸಾರಸ್’ 2009ರ ಮಾರ್ಚ್ 6ರಂದು ಬಿಡದಿ ಹತ್ತಿರದ ಶೇಷಗಿರಿಹಳ್ಳಿಯಲ್ಲಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಹಾರಾಟದಲ್ಲೇ ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಹೊತ್ತಿಸಲು ಹಾಕಿಕೊಟ್ಟ ಕ್ರಮ ಸರಿಯಿರಲಿಲ್ಲ, ಅದಕ್ಕೆ ಬೇಕಾದಷ್ಟು ಎತ್ತರವೂ ಇರಲಿಲ್ಲ ಎಂದು ತನಿಖೆ ಹೇಳಿತು.

ಎರಡು ಎಂಜಿನ್‌ಗಳ ಪ್ರಯಾಣಿಕ ವಿಮಾನಗಳಲ್ಲಿ ಈ ಮೊದಲ ನಿಮಿಷವನ್ನು ನಿಯಮವೇ ಕಾಯುತ್ತದೆ. ತರೀಕೆರೆಯಿಂದ ಹಕ್ಕಿಹಾರಾಟಕ್ಕೆ ಮೂವತ್ತು ಕಿಲೋಮೀಟರಿನೊಳಗೆ, ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣವಿದೆ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಇದಕ್ಕೆ ಕುವೆಂಪು ಹೆಸರು. 3,200 ಮೀಟರ್ ಉದ್ದದ ರನ್‌ವೇ. ಆ ವರ್ಷದ ಆಗಸ್ಟ್ 31ರಿಂದ ಬೆಂಗಳೂರಿನ ಎಟಿಆರ್ 72 ವಿಮಾನ ಬರತೊಡಗಿತು. ಬೆಂಗಳೂರಿನಿಂದ ಸೋಗಾನೆಗೆ ಭೂಪಟದಲ್ಲಿ ನೇರ ಗೆರೆ ಎಳೆದರೆ ಅದು ಅಜ್ಜಂಪುರ, ತರೀಕೆರೆಗಳ ಆಸುಪಾಸಿನಲ್ಲೇ ಹಾಯುತ್ತದೆ. ಇಂಥ ವಿಮಾನಕ್ಕೆ ಹೊರಡುವ ಪ್ರತಿ ಸಲವೂ ಅಂದಿನ ತೂಕ, ಗಾಳಿ, ಉಷ್ಣಾಂಶ ನೋಡಿ ‘ವಿ1’ ಎಂಬ ವೇಗವನ್ನು ನಿಗದಿ ಮಾಡುತ್ತಾರೆ. ಆ ವೇಗಕ್ಕೆ ಮುಂಚೆ ಎಂಜಿನ್ ಕೆಟ್ಟರೆ ರನ್‌ವೇಯಲ್ಲೇ ನಿಲ್ಲಲು ಜಾಗ ಉಳಿದಿರಬೇಕು. ಆಮೇಲೆ ಕೆಟ್ಟರೆ ಉಳಿದ ಒಂದೇ ಎಂಜಿನ್ನಿನಲ್ಲಿ ಮೇಲೆದ್ದು, ಅಡೆತಡೆ ದಾಟಿ, ಸುತ್ತಿ ಬಂದು ಇಳಿಯುವ ಶಕ್ತಿ ಇರಬೇಕು. ಇರದಿದ್ದರೆ ತೂಕ ಇಳಿಸಬೇಕು, ಇಲ್ಲವೇ ಹೊರಡಬಾರದು. ಒಂಟಿ ಎಂಜಿನ್ನಿನ ನಾಲ್ಕು ಸೀಟಿನ ವಿಮಾನಕ್ಕೆ ಇಂಥ ಎರಡನೆಯ ಅವಕಾಶವನ್ನು ಯಾವ ನಿಯಮವೂ ಕೊಡಲಾರದು. ಅದಕ್ಕಿರುವ ಕಾವಲು ನೆಲದ ಮೇಲೆ ಮಾಡುವ ಲೆಕ್ಕ ಮಾತ್ರ.

ಆ ಲೆಕ್ಕದಲ್ಲಿ ಪ್ರಯಾಣಿಕರ ಪಾಲು ದೊಡ್ಡದು, ಅದು ತೂಕ. 2001ರ ಆಗಸ್ಟ್ 25ರಂದು ಬಹಾಮಾಸ್ ದ್ವೀಪದ ಮಾರ್ಷ್ ಹಾರ್ಬರಿನಲ್ಲಿ ಚಿತ್ರೀಕರಣ ಮುಗಿಸಿ ಹೊರಟ ಅಮೆರಿಕದ ಗಾಯಕಿ ಆಲಿಯಾ ಇದ್ದ ಸೆಸ್ನಾ 402 ರನ್‌ವೇ ಮುಗಿದ ಸ್ವಲ್ಪ ದೂರದಲ್ಲೇ ಬಿದ್ದು ಒಂಬತ್ತು ಮಂದಿಯೂ ಸತ್ತರು. ಆಕೆಗೆ 22 ವರ್ಷ. ವಿಮಾನ ಮಿತಿಗಿಂತ ನೂರಾರು ಪೌಂಡ್ ಭಾರವಾಗಿತ್ತು. ಭಾರದ ಮಧ್ಯಬಿಂದು ಹಿಂದಕ್ಕೆ ಸರಿದಿತ್ತು. ಬಾಲದ ಕಡೆ ತೂಕ ಹೆಚ್ಚಾದರೆ ಮೂಗು ತಾನಾಗಿ ಮೇಲೇಳುತ್ತದೆ, ತಗ್ಗಿಸಲು ಪೈಲಟ್‌ನ ಕೈಗೆ ಬಲ ಸಾಲುವುದಿಲ್ಲ. ಮೂಗು ಮೇಲೆದ್ದ ರೆಕ್ಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಆಗಲೇ ನೋಡಿದೆವು.

ನಾಲ್ಕು ಸೀಟಿದ್ದ ಮಾತ್ರಕ್ಕೆ ನಾಲ್ವರು ಕೂರಬಹುದು ಎಂಬುದು ಕಾರಿನ ರೂಢಿ. ಲೋಕದಲ್ಲೇ ಅತಿ ಹೆಚ್ಚು ತಯಾರಾದ, ನಮ್ಮ ತರಬೇತಿ ಶಾಲೆಗಳಲ್ಲೂ ಕಾಣಸಿಗುವ ಸೆಸ್ನಾ 172ನ್ನೇ ತೆಗೆದುಕೊಳ್ಳಿ. ಅದರ ಇತ್ತೀಚಿನ ಮಾದರಿ ಹೆಚ್ಚೆಂದರೆ 1,157 ಕಿಲೋ ತೂಗುತ್ತ ಮೇಲೇಳಬಹುದು. ಖಾಲಿ ವಿಮಾನವೇ ಸುಮಾರು 760 ಕಿಲೋ. ಉಳಿಯುವುದು 400ಕ್ಕೆ ತುಸು ಕಡಿಮೆ. ಟ್ಯಾಂಕ್ ತುಂಬಿಸಿದರೆ ಇಂಧನದ ತೂಕ 145 ಕಿಲೋ. ಮಿಕ್ಕದ್ದು 250. ಎಪ್ಪತ್ತು ಕಿಲೋದ ನಾಲ್ವರು ಕೂತರೆ 280. ಚೀಲ ಒಂದೂ ಇಲ್ಲದೆಯೇ ಮಿತಿ ದಾಟಿತು. ಒಬ್ಬರು ಉಳಿಯಬೇಕು, ಅಥವಾ ಟ್ಯಾಂಕ್ ಪೂರ್ತಿ ತುಂಬಿಸದೆ ಹೊರಟು ನಡುವೆ ಎಲ್ಲಾದರೂ ಇಳಿದು ತುಂಬಿಸಿಕೊಳ್ಳಬೇಕು. ಅದಕ್ಕೇ ಸಣ್ಣ ವಿಮಾನ ಹತ್ತುವವರು ತಮ್ಮ ತೂಕವನ್ನು ನಾಚಿಕೆಯಿಲ್ಲದೆ ಸರಿಯಾಗಿ ಹೇಳಬೇಕು, ಸಾಮಾನನ್ನು ತಕ್ಕಡಿಗಿಡಬೇಕು, ಒಟ್ಟು ಎಷ್ಟಾಯಿತು ಎಂದು ಪೈಲಟ್‌ನನ್ನು ಕೇಳಬೇಕು. ಕೇಳಿದರೆ ಒಳ್ಳೆಯ ಪೈಲಟ್‌ಗೆ ಬೇಸರವಾಗುವುದಿಲ್ಲ.

ಹೊತ್ತಿನ ವಿಷಯದಲ್ಲೂ ಪ್ರಯಾಣಿಕರು ಸಹಾಯ ಮಾಡಬಹುದು. ಮದುವೆ, ಪ್ರಚಾರ, ಚಿತ್ರೀಕರಣ, ಸಭೆ ಯಾವುದೇ ಇರಲಿ, ‘ಬಿಸಿಲು ಏರಿದೆ, ಸಂಜೆ ಹೋಗೋಣ’ ಎಂದು ಪೈಲಟ್ ಹೇಳಿದಾಗ ಒತ್ತಾಯ ಮಾಡುವವರು ಆತನ ಸೆಕೆಂಡುಗಳನ್ನು ಕಸಿಯುತ್ತಾರೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಆರು ಗಂಟೆಗೆ 20 ಡಿಗ್ರಿ ಇದ್ದರೆ ವಿಮಾನಕ್ಕೆ ಜಕ್ಕೂರು 4,300 ಅಡಿ. ನಡುಹಗಲಿನ 32 ಡಿಗ್ರಿಯಲ್ಲಿ ಅದೇ ಜಕ್ಕೂರು 5,700. ಅಲಾರಂ ಇಟ್ಟು ಎದ್ದವರಿಗೆ 1,400 ಅಡಿಯಷ್ಟು ದಪ್ಪ ಗಾಳಿ ಪುಕ್ಕಟೆಯಾಗಿ ಸಿಗುತ್ತದೆ, ರನ್‌ವೇಯ ಮೇಲಿನ ಓಟ ಚಿಕ್ಕದಾಗುತ್ತದೆ, ಮೊದಲ ಐನೂರು ಅಡಿ ಬೇಗ ಕೈಸೇರುತ್ತದೆ. ಹಾರಾಟದ ಶಾಲೆಗಳಲ್ಲಿ ಹುಡುಗ ಹುಡುಗಿಯರು ಬೆಳಕು ಹರಿಯುವ ಮುಂಚೆಯೇ ಬಂದು ವಿಮಾನದ ಸುತ್ತ ನಡೆದು, ಟ್ಯಾಂಕಿನ ತಳದಿಂದ ಇಂಧನವನ್ನು ಲೋಟಕ್ಕಿಳಿಸಿ ನೀರು ಬೆರೆತಿದೆಯೇ ಎಂದು ನೋಡುತ್ತಾರಲ್ಲ, ಅಷ್ಟು ಬೇಗ ಬರುವುದಕ್ಕೆ ಇದೂ ಒಂದು ಕಾರಣ.